ಅತ್ತೆಯ ಆಟವಿದ್ದ ಡಬ್ಬಿ

ಅತ್ತೆ ಮತ್ತು ಅವರ ತಂಗಿ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಕಾರಣ ಕೇಳಿದರೆ ನಗು ಬರುತ್ತದೆ: ಒಂದು ಪರದೆ.

ತಂಗಿ ತಮ್ಮ ಹೊಸ ಮನೆಯ ಕಿಟಕಿಗಳಿಗೆಲ್ಲ ತಿಳಿಹಸಿರು ಪರದೆ ಹಾಕಿಸಿದ್ದರು. ನೋಡಿಕೊಂಡು ಬಂದ ಅತ್ತೆ ತಮ್ಮ ಮನೆಯಲ್ಲಿ, ತಮ್ಮ ಅಡುಗೆಮನೆಯಲ್ಲಿ, ಪಾತ್ರೆ ಒರೆಸುತ್ತಿದ್ದ ಸೊಸೆಯೊಬ್ಬಳಿಗೇ ಕೇಳುವಂತೆ, "ಆಸ್ಪತ್ರೆ ವಾರ್ಡಿಗೆ ಹೋಗಿ ಬಂದ ಹಾಗಾಯ್ತು ನೋಡು" ಅಂದಿದ್ದರು. ಮಾತು ಅಲ್ಲಿಗೇ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಮುಂದಿನ ತಿಂಗಳು ಆ ತಂಗಿಯ, ಅಂದರೆ ತನ್ನ ಚಿಕ್ಕತ್ತೆಯ, ಮನೆಗೆ ಹೋದ ಸೊಸೆ, ಅದೇ ಪರದೆಯ ಪಕ್ಕ ಕೂತು ಚಹಾ ಕುಡಿಯುತ್ತಾ, ಚಿಕ್ಕತ್ತೆಯನ್ನು ನಗಿಸೋಣವೆಂದು ಆ ಮಾತನ್ನು ಚಾಚೂ ತಪ್ಪದೆ ಒಪ್ಪಿಸಿಬಿಟ್ಟಳು. ಚಿಕ್ಕತ್ತೆ ನಗಲಿಲ್ಲ. ಸೊಸೆ ಚಹಾದ ಲೋಟ ಕೆಳಗಿಡುವ ಹೊತ್ತಿಗೆ ಅವರು ಅಕ್ಕನಿಗೆ ಫೋನ್ ಮಾಡಿ ಆಗಿತ್ತು.

ಆ ಫೋನೇ ಕೊನೆಯದು. ಆಮೇಲೆ "ಅವಳೇ ಮೊದಲು ಮಾಡ್ಲಿ" ಎಂದು ಇಬ್ಬರೂ ಪಟ್ಟು ಹಿಡಿದು ಕೂತರು. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದವರು. ಗುರುತು ಪರಿಚಯವಿಲ್ಲದ ಸಾವಿರಾರು ಜನರನ್ನು ಒಬ್ಬರಿಗೊಬ್ಬರು ಜೋಡಿಸಿಕೊಟ್ಟ ಆ ಕೈ ಒಡಹುಟ್ಟಿದವಳ ನಂಬರಿನ ಹತ್ತಿರ ಹೋಗಲು ಒಪ್ಪಲಿಲ್ಲ. ಅವರ ಮಗ, ಅಂದರೆ ಸೊಸೆಯ ಗಂಡ, ಮೊದಲ ವಾರದಲ್ಲೇ ಈ ವಿಷಯದಿಂದ ಕೈ ತೊಳೆದುಕೊಂಡ.

ಸೊಸೆಗೆ ಹಾಗೆ ಕೈ ತೊಳೆದುಕೊಳ್ಳುವುದು ಆಗಲಿಲ್ಲ. ಬೆಂಕಿ ಹಚ್ಚಿದವಳು ಅವಳೇ ತಾನೆ. ಅತ್ತೆ ಒಂದು ದಿನವೂ ಆ ಬಗ್ಗೆ ಅವಳನ್ನು ಬೈಯಲಿಲ್ಲ, ಚಾಡಿಕೋರಿ ಅನ್ನಲಿಲ್ಲ, ಮುಖ ಊದಿಸಿಕೊಳ್ಳಲೂ ಇಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಅತ್ತೆ ಸುಮ್ಮನೆ ಕಿಟಕಿಯ ಹತ್ತಿರ ಕೂತು ಬೀದಿ ನೋಡುವುದನ್ನು ಕಂಡಾಗೆಲ್ಲ ಅವಳಿಗೆ ತನ್ನ ನಾಲಿಗೆಯನ್ನೇ ಕತ್ತರಿಸಿ ಹಾಕಬೇಕೆನ್ನಿಸುತ್ತಿತ್ತು.

ಇನ್ನು ಈ ಸೊಸೆಯ ಉದ್ಯೋಗದ ವಿಷಯ ಒಂದಿಷ್ಟು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದಕ್ಕೆ ತಲೆಬುಡ ಇರುವುದಿಲ್ಲ. ಅವಳ ಕಂಪನಿ ನಗರದ ಬಸ್ಸುಗಳ ಟಿಕೆಟ್ ಯಂತ್ರಗಳ ಬೆನ್ನಿಗೆ ನಿಂತ ಪ್ರೋಗ್ರಾಮ್‌ಗಳನ್ನು ನೋಡಿಕೊಳ್ಳುತ್ತಿತ್ತು. ಪ್ರತಿ ಪ್ರೋಗ್ರಾಮೂ ತನಗೆ ಬೇಕಾದ ಸಾಮಾನು ಸರಂಜಾಮಿನ ಸಮೇತ ಒಂದೊಂದು ಕಂಟೇನರಿನೊಳಗೆ ಕೂತಿರುತ್ತದೆ. ಆಫೀಸಿನವರೆಲ್ಲ ಅದನ್ನು ಡಬ್ಬಿ ಅನ್ನುತ್ತಿದ್ದರು. ಹದಿನಾಲ್ಕು ಕಂಪ್ಯೂಟರುಗಳನ್ನು ಒಟ್ಟಿಗೆ ಕಟ್ಟಿ ಮಾಡಿದ ಒಂದು ಕ್ಲಸ್ಟರ್ ಇತ್ತು. ಅದರ ಮೇಲೆ ಆರುನೂರು ಚಿಲ್ಲರೆ ಡಬ್ಬಿಗಳು. ಯಾವ ಡಬ್ಬಿ ಯಾವ ಕಂಪ್ಯೂಟರಿನ ಮೇಲೆ ಕೂರಬೇಕು ಎಂಬುದನ್ನು ಕ್ಲಸ್ಟರೇ ನೋಡಿಕೊಳ್ಳುತ್ತದೆ. ಅದು ಬಲು ಹಠಮಾರಿ. "ಇಂಥ ಡಬ್ಬಿ ಒಂದು ಇರಬೇಕು" ಎಂದು ಒಮ್ಮೆ ಹೇಳಿಬಿಟ್ಟರೆ ಮುಗಿಯಿತು. ಆ ಡಬ್ಬಿ ಸತ್ತರೆ ಕಣ್ಣು ಮಿಟುಕಿಸುವುದರೊಳಗೆ ಅಂಥದ್ದೇ ಇನ್ನೊಂದನ್ನು ಎಬ್ಬಿಸಿ ನಿಲ್ಲಿಸುತ್ತದೆ. ಒಂದೇ ತೊಡಕು, ಹೊಸ ಡಬ್ಬಿಗೆ ಹಳೆಯದರ ನೆನಪು ಇರುವುದಿಲ್ಲ. ನೆನಪಿಡಬೇಕಾದದ್ದನ್ನು ಡಬ್ಬಿಯ ಹೊರಗೆ, ಡಿಸ್ಕಿನ ಮೇಲೆ, ಬರೆದಿಡಬೇಕು. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಸೊಸೆ ಮೊದಲ ದಿನ ಹೇಳಿಕೊಡುತ್ತಿದ್ದ ಪಾಠವೇ ಅದು.

ಪಾಠ ಹೇಳುವವರ ಮನೆಯ ಕಥೆ ಬೇರೆ ಇರುತ್ತದೆ. ಒಂದು ಭಾನುವಾರ ಅವಳು, ಚಿಕ್ಕಂದಿನಿಂದ ಜೊತೆಯಲ್ಲಿ ಚದುರಂಗ ಆಡಿದ ಅಕ್ಕತಂಗಿಯರಿಗಾಗಿ, ಆ ಆಟದ ಒಂದು ಪ್ರೋಗ್ರಾಮ್ ಬರೆದಳು. ಇಬ್ಬರು ಬೇರೆ ಬೇರೆ ಊರಿನಲ್ಲಿ ಕೂತು ಫೋನಿನ ಪರದೆಯಲ್ಲಿ ಒಂದೇ ಬೋರ್ಡು ನೋಡುತ್ತಾ ಆಡಬಹುದು, ಅಷ್ಟೆ. ಬೋರ್ಡು ಡಬ್ಬಿಯ ತಲೆಯೊಳಗೇ ಇರುತ್ತಿತ್ತು. ಡಿಸ್ಕಿನ ಮೇಲೆ ಬರೆದಿಡುವ ಭಾಗವನ್ನು ನಾಳೆ ಮಾಡಿದರಾಯಿತು ಅಂದುಕೊಂಡಳು. ಡಬ್ಬಿಯನ್ನು ಸದ್ದಿಲ್ಲದೆ ಆಫೀಸಿನ ಕ್ಲಸ್ಟರಿಗೆ ಏರಿಸಿ, ಯಾರಿಗೂ ಅನುಮಾನ ಬಾರದಿರಲೆಂದು 'ದೀರ್ಘ ಪರೀಕ್ಷೆ' ಎಂಬ ಗಂಭೀರ ಹೆಸರಿಟ್ಟಳು. ಆಮೇಲೆ ಅತ್ತೆಗೊಂದು, ಚಿಕ್ಕತ್ತೆಗೊಂದು ಸುಳ್ಳು ಹೇಳಿದಳು. ಇಬ್ಬರಿಗೂ ಒಂದೇ ಸುಳ್ಳು.

"ಆಫೀಸಿನ ಕೆಲಸ ಅತ್ತೆ. ಈ ಪ್ರೋಗ್ರಾಮ್ ಎಷ್ಟು ದಿನ ತಡೆಯುತ್ತೆ ಅಂತ ನೋಡ್ಬೇಕು. ದಿನಕ್ಕೆ ಒಂದು ನಡೆ ಆಡಿದ್ರೆ ಸಾಕು."

"ಆ ಕಡೆ ಆಡೋರು ಯಾರು?"

"ಅದು ಹೇಳೋ ಹಾಗಿಲ್ಲ."

ಅತ್ತೆ ಕನ್ನಡಕದ ಮೇಲಿಂದ ಅವಳನ್ನು ಒಂದು ಗಳಿಗೆ ನೋಡಿದರು. "ನಿನ್ನ ಕೆಲಸಕ್ಕೆ ತೊಂದರೆ ಆಗ್ಬಾರ್ದು ಅಂತ ಆಡ್ತೀನಿ. ಆ ಕಡೆ ಯಾರಿದ್ರೆ ನನಗೇನು" ಅಂದರು. ಚಿಕ್ಕತ್ತೆ ಹೇಳಿದ್ದೂ ಹೆಚ್ಚು ಕಡಿಮೆ ಇದನ್ನೇ. ಕುದುರೆಯನ್ನು ಎರಡನೆಯ ನಡೆಯಲ್ಲೇ ಹೊರಗೆ ತರುವ ಅಭ್ಯಾಸ ಯಾರದ್ದು ಎಂದು ಅತ್ತೆಗೆ ಗೊತ್ತಿಲ್ಲದೆ ಇರುತ್ತದೆಯೇ? ಆದರೂ ಇಬ್ಬರೂ ಗೊತ್ತಿಲ್ಲದವರ ಹಾಗೇ ನಟಿಸಿದರು. ಅತ್ತೆ ದಿನಾ ನಾಲ್ಕು ಗಂಟೆಗೆ ಒಂದು ನಡೆ ಇಡುವರು. ಬೆಳಗ್ಗೆ ಆ ಕಡೆಯಿಂದ ಒಂದು ನಡೆ ಬಂದಿರುವುದು. ಒಮ್ಮೆ ನಡೆ ಮಧ್ಯಾಹ್ನವಾದರೂ ಬರಲಿಲ್ಲ. "ಆ ಕಡೆಯವರಿಗೆ ಮಂಡಿ ನೋವು ಜಾಸ್ತಿಯಾಗಿರ್ಬೇಕು, ಹವೆ ಬದಲಾಗಿದೆಯಲ್ಲ" ಎಂದು ಅತ್ತೆ ಗೋಡೆಗೆ ಹೇಳಿಕೊಂಡರು. ಸೊಸೆ ಅಂದು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿ ಕಣ್ಣು ಒರೆಸಿಕೊಂಡಳು. ನಾಲ್ಕು ವರ್ಷದಲ್ಲಿ ಅಕ್ಕತಂಗಿಯರ ನಡುವೆ ಉಳಿದಿದ್ದ ಎಳೆ ಅದೊಂದೇ.

ಅದಾಗಿ ತಿಂಗಳುಗಳು ಕಳೆದವು. ಡಿಸ್ಕಿಗೆ ಬರೆಯುವ ಭಾಗ ಇನ್ನೂ ನಾಳೆಯಲ್ಲೇ ಇತ್ತು. ಈಗ ಸೇರಿಸಬೇಕೆಂದರೂ ಡಬ್ಬಿಯನ್ನು ಒಮ್ಮೆ ನಿಲ್ಲಿಸಿ ಹೊಸದನ್ನು ಎಬ್ಬಿಸಬೇಕು. ನಿಲ್ಲಿಸಿದರೆ ಆಟ ಮಣ್ಣುಪಾಲು. ಹಾಗಾಗಿ ಅವಳು ಆ ಡಬ್ಬಿಯನ್ನು ಮೊಟ್ಟೆಯ ಹಾಗೆ ಜೋಪಾನ ಮಾಡುತ್ತಾ ಬಂದಳು.

ಆಗ ಗೊತ್ತಪ್ಪನವರಿಗೆ ಸ್ವಚ್ಛತೆಯ ಹುಚ್ಚು ಹಿಡಿಯಿತು. ಗೊತ್ತಪ್ಪನವರು ಅವಳ ಮೇಲ್ವಿಚಾರಕರು. ತಂದೆತಾಯಿ ಇಟ್ಟ ಹೆಸರು ಬೇರೆ ಇತ್ತು. ಆಫೀಸಿನವರು ಇಟ್ಟದ್ದು ಇದು. ಜಗತ್ತಿನಲ್ಲಿ ಅವರಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ನೀವು ವಾಕ್ಯ ಶುರು ಮಾಡಿದರೆ ಸಾಕು, ನಡುವೆಯೇ "ಗೊತ್ತು, ಗೊತ್ತು" ಬಂದು ಬೀಳುವುದು. ಲಿಫ್ಟು ಕೆಟ್ಟಿದೆ ಎಂದು ಕಾವಲುಗಾರ ಕೂಗಿ ಹೇಳಿದಾಗಲೂ ಗೊತ್ತು ಗೊತ್ತು ಅನ್ನುತ್ತಲೇ ಒಳಗೆ ಹೋಗಿ ಮುಕ್ಕಾಲು ಗಂಟೆ ಸಿಕ್ಕಿಕೊಂಡವರು ಅವರು.

"ನೋಡಮ್ಮ, ಕ್ಲಸ್ಟರ್ ತುಂಬಾ ಯಾರದ್ದೋ ಏನೋ ಡಬ್ಬಿಗಳು. ಇನ್ಮೇಲೆ ಪ್ರತಿ ಡಬ್ಬಿ ಮೇಲೂ ಅದು ಯಾರದ್ದು ಅಂತ ಚೀಟಿ ಇರ್ಬೇಕು. ಚೀಟಿ ಇಲ್ಲದ್ದನ್ನ ಬುಧವಾರ ಬುಧವಾರ ಎತ್ತಿ ಬಿಸಾಕೋ ಹಾಗೆ ಒಂದು ಪ್ರೋಗ್ರಾಮ್ ಬರೆದುಬಿಡು."

ಇಂಥ ಪ್ರೋಗ್ರಾಮ್ ಬರೆಯಲು ಒಂದು ಲೈಬ್ರರಿ ಬೇಕು. ಲೈಬ್ರರಿ ಅಂದರೆ ಪುಸ್ತಕದ ಕಪಾಟಲ್ಲ. ಬೇರೆ ಯಾರೋ ಪುಣ್ಯಾತ್ಮರು ಬರೆದು, ಪರೀಕ್ಷಿಸಿ, ಎಲ್ಲರೂ ಬಳಸಲಿ ಎಂದು ಬಿಟ್ಟುಕೊಟ್ಟ ಸಿದ್ಧ ಆಜ್ಞೆಗಳ ಗಂಟು. ಅದನ್ನು ನಮ್ಮ ಪ್ರೋಗ್ರಾಮಿಗೆ ಸೇರಿಸಿಕೊಂಡರೆ ಕ್ಲಸ್ಟರಿನೊಡನೆ ನೇರವಾಗಿ ಮಾತಾಡಬಹುದು. ಎಲ್ಲ ಡಬ್ಬಿಗಳ ಪಟ್ಟಿ ಕೊಡು ಅಂದರೆ ಕೊಡುತ್ತದೆ, ಇದರ ಚೀಟಿ ಓದು ಅಂದರೆ ಓದುತ್ತದೆ, ಅದನ್ನು ತೆಗೆ ಅಂದರೆ ಯಾಕೆ ಎಂದೂ ಕೇಳದೆ ತೆಗೆಯುತ್ತದೆ. ಸೊಸೆ ನಲವತ್ತು ಸಾಲಿನಲ್ಲಿ ಕೆಲಸ ಮುಗಿಸಿ ಅದಕ್ಕೆ 'ಪೊರಕೆ' ಎಂದು ಹೆಸರಿಟ್ಟಳು. ಪೊರಕೆ ಓಡಿದಾಗ ಚೀಟಿ ಇರುವ ಡಬ್ಬಿಗಳು ಹಸಿರು ಅಕ್ಷರದಲ್ಲೂ, ಇಲ್ಲದವು ಕೆಂಪು ಅಕ್ಷರದಲ್ಲೂ ಕಾಣುತ್ತಿದ್ದವು. ದೀರ್ಘ ಪರೀಕ್ಷೆ ರಕ್ತದಷ್ಟು ಕೆಂಪಗೆ ಕಂಡಿತು.

ಅದೊಂದನ್ನು ಬಿಟ್ಟುಬಿಡು ಎಂದು ಪೊರಕೆಯಲ್ಲೇ ಒಂದು ಸಾಲು ಬರೆಯಬಹುದಿತ್ತು. ಆದರೆ ಗೊತ್ತಪ್ಪನವರು ಪ್ರೋಗ್ರಾಮನ್ನು ಕಾಗದದ ಮೇಲೆ ಮುದ್ರಿಸಿಕೊಂಡು, ಸಾಲಿನ ಕೆಳಗೆ ಅಡಿಪಟ್ಟಿ ಇಟ್ಟು ಓದುವವರು. ತನ್ನ ಹೆಸರಿನ ಚೀಟಿ ಅಂಟಿಸಿದರೆ, ಇದೇನು ಪರೀಕ್ಷೆ, ಯಾರು ಹೇಳಿದ್ದು, ಫಲಿತಾಂಶ ಎಲ್ಲಿ ಎಂದು ಬೆನ್ನು ಬೀಳುವವರು. ಆಫೀಸಿನ ಕ್ಲಸ್ಟರಿನಲ್ಲಿ ಅತ್ತೆಗೆ ಆಟ ಇಟ್ಟುಕೊಟ್ಟಿದ್ದೇನೆ ಎಂದರೆ ಮರುದಿನ ಮನೆಯಲ್ಲೇ ಕೂರಬೇಕಾದೀತು. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಅವಳಿಗೆ ಒಂದು ಉಪಾಯ ಹೊಳೆಯಿತು. ಹೊಳೆದದ್ದಕ್ಕೆ ತಾನೇ ನಕ್ಕಳು. ಲೈಬ್ರರಿಯ ಒಂದೇ ಆಜ್ಞೆಯಲ್ಲಿ, ಓಡುತ್ತಿದ್ದ ಡಬ್ಬಿಯನ್ನು ಅಲುಗಾಡಿಸದೆ, ಅದರ ಮೇಲೆ ಗೊತ್ತಪ್ಪನವರ ಹೆಸರಿನ ಚೀಟಿ ಅಂಟಿಸಿದಳು.

ಬುಧವಾರ ಗೊತ್ತಪ್ಪನವರು ಪಟ್ಟಿಯನ್ನು ಬೆರಳಿನಿಂದ ಸವರುತ್ತಾ ಬಂದು ಅಲ್ಲಿ ನಿಂತರು. ಬೆರಳು ಸ್ವಲ್ಪ ಹೊತ್ತು ಅಲ್ಲೇ ಇತ್ತು. ಪಕ್ಕದ ಕುರ್ಚಿಯಲ್ಲಿ ಕೂತು ಪ್ರೋಗ್ರಾಮ್‌ಗಳ ತಪ್ಪು ಹುಡುಕುವ ಪರೀಕ್ಷಕಿ ಕೇಳಿದಳು: "ದೀರ್ಘ ಪರೀಕ್ಷೆ ಅಂತ ನಿಮ್ದೊಂದಿದೆಯಲ್ಲ ಸಾರ್, ಏನದು?"

"ಗೊತ್ತು, ಗೊತ್ತು. ನಂದೇ ಅದು. ಯಾರೂ ಮುಟ್ಬೇಡಿ."

ಸೊಸೆ ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿ ಕೆಮ್ಮಿದಳು. ಮುಂದಿನ ವಾರ ಅವರು ಅದಕ್ಕೆ ಇನ್ನಷ್ಟು ಬಣ್ಣ ಹಚ್ಚಿದರು. ಅದು ತುಂಬಾ ಸೂಕ್ಷ್ಮ ಪರೀಕ್ಷೆ ಎಂದರು. ಅದರ ಮೇಲೆ ಬಹಳಷ್ಟು ಕೆಲಸ ನಿಂತಿದೆ ಎಂದರು. ಮೂರನೆಯ ವಾರ ಊಟದ ಹೊತ್ತಿನಲ್ಲಿ, ತಾವು ಎಷ್ಟು ಯೋಚಿಸಿ ಅದನ್ನು ಶುರು ಮಾಡಿದ್ದು ಎಂಬುದನ್ನು ಪರೀಕ್ಷಕಿಗೆ ವಿವರಿಸುತ್ತಿದ್ದರು. ಕೇಳುತ್ತಾ ಕೇಳುತ್ತಾ ಸೊಸೆಗೇ ಒಂದು ಕ್ಷಣ ಅದು ಅವರದ್ದೇ ಇರಬಹುದೇ ಅನ್ನಿಸಿತು. ಇಡೀ ಕ್ಲಸ್ಟರಿನಲ್ಲಿ ಅಷ್ಟು ಭದ್ರವಾದ ಡಬ್ಬಿ ಇನ್ನೊಂದಿರಲಿಲ್ಲ, ಅವಳು ನೆಮ್ಮದಿಯಾಗಿ ನಿದ್ದೆ ಮಾಡಿದಳು.

ಹೀಗೆ ಅತಿ ಬುದ್ಧಿವಂತಿಕೆ ಮಾಡಿದವರಿಗೆ ಆಗಬೇಕಾದ್ದೇ ಅವಳಿಗೂ ಆಯಿತು. ಐದನೆಯ ಬುಧವಾರ, ಮಧ್ಯಾಹ್ನ ಮೂರು ಗಂಟೆಗೆ, ಕಂಪನಿಯ ಯಜಮಾನಿ ಸ್ವಚ್ಛತೆಯ ಕೆಲಸ ನೋಡಲು ಬಂದರು. ಮೀಟಿಂಗ್ ಕೋಣೆಯ ಗೋಡೆಯ ಮೇಲೆ ಪೊರಕೆಯ ಪಟ್ಟಿ ದೊಡ್ಡದಾಗಿ ಕಾಣುತ್ತಿತ್ತು. ಯಜಮಾನಿ ಕಡಿಮೆ ಮಾತಿನವರು. ಕೇಳಿದರೆ ನೆಟ್ಟಗೆ ಒಂದೇ ಪ್ರಶ್ನೆ ಕೇಳುವವರು.

"ಇದೊಂದು ಡಬ್ಬಿ ಮುನ್ನೂರ ನಲವತ್ತೊಂದು ದಿನದಿಂದ ಓಡ್ತಾ ಇದೆ. ನಿಮ್ಮ ಹೆಸರಲ್ಲಿದೆ. ಏನು ಫಲಿತಾಂಶ ಬಂತು?"

ಗೊತ್ತಪ್ಪನವರ ಕಿವಿಯ ತುದಿ ಕೆಂಪಾಯಿತು, ಆದರೆ ಅವರು ಸೋಲುವ ಪೈಕಿಯವರಲ್ಲ. "ಇವತ್ತಿಗೇ ಮುಗೀತು ಮೇಡಂ. ಪೂರ್ತಿ ಯಶಸ್ವಿ" ಅಂದರು.

"ಮುಗಿದಿದ್ರೆ ಯಾಕೆ ಇನ್ನೂ ಇದೆ?"

"ಅದೇ, ಈಗ ತೆಗೀತಿದ್ದೀನಿ. ನಮ್ಮದನ್ನ ನಾವೇ ಮೊದಲು ತೆಗೆದು ಬೇರೆಯವರಿಗೆ ತೋರಿಸ್ಬೇಕು, ಅಲ್ವಾ?"

ಸೊಸೆ ಕುರ್ಚಿಯಿಂದ ಅರ್ಧ ಎದ್ದಳು. ಕೆಲಸ ಹೋದರೂ ಹೋಗಲಿ, ಹೇಳಿಯೇ ಬಿಡುತ್ತೇನೆ ಎಂದು ಬಾಯಿ ತೆರೆದಳು. "ಸಾರ್, ಒಂದು ನಿಮಿಷ, ಅದರಲ್ಲಿ..."

"ಗೊತ್ತಮ್ಮ, ಗೊತ್ತು" ಎಂದವರೇ ಗೊತ್ತಪ್ಪನವರು ಪೊರಕೆಗೆ ಆ ಡಬ್ಬಿಯ ಹೆಸರು ಕೊಟ್ಟು ಗುಂಡಿ ಒತ್ತಿದರು.

ಇಲ್ಲಿ ಕ್ಲಸ್ಟರಿನ ಒಂದು ಒಳ್ಳೆಯ ಗುಣ ಹೇಳಬೇಕು. ತೆಗೆ ಅಂದ ತಕ್ಷಣ ಅದು ಡಬ್ಬಿಯ ಕತ್ತು ಹಿಸುಕುವುದಿಲ್ಲ. "ಹೊರಡಬೇಕು, ಗಂಟುಮೂಟೆ ಕಟ್ಟಿಕೋ" ಎಂದು ತಿಳಿಸಿ ಮೂವತ್ತು ಸೆಕೆಂಡ್ ಕಾಯುತ್ತದೆ. ಚದುರಂಗದ ಡಬ್ಬಿಗೆ ಗಂಟು ಕಟ್ಟುವುದನ್ನು ಸೊಸೆ ಕಲಿಸಿಯೇ ಇರಲಿಲ್ಲ, ಹಾಗಾಗಿ ಅದು ಏನೂ ತಿಳಿಯದೆ ಪೆಕರನ ಹಾಗೆ ಕೂತಿತ್ತು. ಅವಳು ತನ್ನ ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡಳು. ಬೋರ್ಡನ್ನು ಹೊರಗೆ ತೆಗೆಯಲು ದಾರಿಯಿಲ್ಲ. ಹತ್ತು ಸೆಕೆಂಡ್ ಹೋಯಿತು. ಆಗ ತಲೆಗೆ ಹೊಳೆಯಿತು: ಲಾಗ್. ಪ್ರತಿ ಡಬ್ಬಿಯೂ ತಾನು ಮಾಡಿದ್ದನ್ನೆಲ್ಲ ಒಂದೊಂದು ಸಾಲಾಗಿ ಗೊಣಗುತ್ತಿರುತ್ತದೆ. ಕೇಳಿದರೆ ಕ್ಲಸ್ಟರ್ ಆ ಗೊಣಗಾಟವನ್ನು ಪೂರ್ತಿ ಒಪ್ಪಿಸುತ್ತದೆ. ಮೊದಲ ನಡೆಯಿಂದ ಕೊನೆಯ ನಡೆಯವರೆಗೆ ಎಲ್ಲವೂ ಅದರಲ್ಲಿ ಇದ್ದೇ ಇರಬೇಕು. ಮುನ್ನೂರ ನಲವತ್ತೊಂದು ದಿನ ನೆಮ್ಮದಿಯಾಗಿದ್ದಾಗ ನೆನಪಾಗದ್ದು ಈಗ ನೆನಪಾಯಿತು. ಲೈಬ್ರರಿಯ ಒಂದು ಆಜ್ಞೆ, ಇಪ್ಪತ್ತೆರಡು ಅಕ್ಷರ, ನಡುವೆ ಎರಡು ತಪ್ಪು, ಅಳಿಸಿ ಮತ್ತೆ ಬರೆದಳು, ಒತ್ತಿದಳು. ಫೈಲು ಅವಳ ಲ್ಯಾಪ್‌ಟಾಪಿಗೆ ಬಂದು ಕೂತ ಮೇಲೆ ನಾಲ್ಕೈದು ಸೆಕೆಂಡಿಗೆ ಗೋಡೆಯ ಮೇಲಿನ ಪಟ್ಟಿಯಿಂದ ಹಸಿರು ಸಾಲು ಮಾಯವಾಯಿತು.

ಆದರೆ ಅದರ ಜಾಗದಲ್ಲಿ ಕೆಂಪು ಸಾಲೊಂದು ಆಗಲೇ ಎದ್ದು ನಿಂತಿತ್ತು. ದೀರ್ಘ ಪರೀಕ್ಷೆ, ವಯಸ್ಸು ಅರ್ಧ ನಿಮಿಷ. ಡಬ್ಬಿಯನ್ನು ತೆಗೆದರೇ ಹೊರತು, ಒಂದು ಡಬ್ಬಿ ಇರಲೇಬೇಕು ಎಂಬ ಮೂಲ ಆದೇಶವನ್ನು ಯಾರೂ ತೆಗೆದಿರಲಿಲ್ಲವಲ್ಲ.

"ತೆಗೆದಿರಿ, ಮತ್ತೆ ಬಂತಲ್ಲ" ಅಂದರು ಯಜಮಾನಿ.

ಗೊತ್ತಪ್ಪನವರು ಗೋಡೆ ನೋಡಿದರು. ಎರಡು ಸಲ ಕಣ್ಣು ಮಿಟುಕಿಸಿದರು. "ಗೊತ್ತು ಮೇಡಂ. ಅದೇ ಪರೀಕ್ಷೆ. ತೆಗೆದ್ರೂ ಬರುತ್ತಾ ಅಂತ."

ಯಜಮಾನಿ ತಲೆದೂಗಿದರು. ಇನ್ನೊಮ್ಮೆ ತೆಗೆದು ತೋರಿಸಿ ಅಂದರು. ಇನ್ನೊಮ್ಮೆ ತೆಗೆದರು, ಇನ್ನೊಮ್ಮೆ ಬಂತು. ಮೂರನೆಯ ಸಲ ಪರೀಕ್ಷಕಿ ಚಪ್ಪಾಳೆ ತಟ್ಟಿದಳು, ಉಳಿದವರೂ ತಟ್ಟಿದರು. ಬಸ್ಸಿನ ಟಿಕೆಟ್ ಡಬ್ಬಿಗಳೂ ಹೀಗೇ ಗಟ್ಟಿಯಾಗಿವೆಯೇ ಎಂದು ಯಜಮಾನಿ ಕೇಳಿದರು, ಗೊತ್ತಪ್ಪನವರು ಎಲ್ಲವೂ ಹೀಗೇ ಅಂದರು. ಅವರ ಬದುಕಿನಲ್ಲಿ ಅದು ತುಂಬಾ ಒಳ್ಳೆಯ ದಿನವಾಗಿತ್ತು. ಸೊಸೆಯ ಕಣ್ಣು ಮಾತ್ರ ಗೋಡೆಗಡಿಯಾರದ ಮೇಲಿತ್ತು. ನಾಲ್ಕಕ್ಕೆ ಐದು ನಿಮಿಷ. ಅತ್ತೆ ಈಗ ಕನ್ನಡಕ ಹುಡುಕುತ್ತಿರುತ್ತಾರೆ.

ಐದಕ್ಕೆ ಆಫೀಸು ಬಿಟ್ಟವಳು ಬಸ್ಸಿನಲ್ಲಿ ಲೆಕ್ಕ ಹಾಕಿದಳು. ಲಾಗಿನ ನಡೆಗಳನ್ನು ಒಂದೊಂದಾಗಿ ಹೊಸ ಬೋರ್ಡಿಗೆ ಆಡಿಸಿದರೆ ಆಟ ನಿಂತಲ್ಲಿಗೇ ಬಂದು ನಿಲ್ಲುತ್ತದೆ. ಅರ್ಧ ಗಂಟೆಯ ಕೆಲಸ. ಅಷ್ಟರೊಳಗೆ ಅತ್ತೆ ಏನಂದುಕೊಂಡಿರುತ್ತಾರೋ. ತಂಗಿ ಸಿಟ್ಟಿನಿಂದ ಆಟ ಮುರಿದಳು ಎಂದುಕೊಂಡಿದ್ದರೆ ಇದ್ದ ಒಂದು ಎಳೆಯೂ ಹೋದ ಹಾಗೆಯೇ. ಒಮ್ಮೆ ಬಾಯಿ ಹರಿಬಿಟ್ಟು ಕೆಡಿಸಿದ್ದಾಯಿತು, ಈಗ ಸೋಮಾರಿತನದಿಂದ ಎರಡನೆಯ ಸಲ ಕೆಡಿಸಿದೆ ಎಂದು ಅವಳು ತನ್ನನ್ನೇ ಶಪಿಸಿಕೊಂಡಳು. ಇಳಿಯಬೇಕಾದ ನಿಲ್ದಾಣ ದಾಟಿಹೋಗಿ ಒಂದು ನಿಲ್ದಾಣ ಹಿಂದಕ್ಕೆ ನಡೆದಳು.

ಮನೆಯ ಮೆಟ್ಟಿಲ ಮೇಲೆ ಗಂಡ ಪತ್ರಿಕೆ ಹಿಡಿದು ಕೂತಿದ್ದ. ಚಪ್ಪಲಿಯೂ ಇರಲಿಲ್ಲ ಕಾಲಲ್ಲಿ.

"ಯಾಕೆ ಹೊರಗೆ?"

"ಒಳಗೆ ಅಮ್ಮ ಫೋನಲ್ಲಿದ್ದಾರೆ. ಒಂದೂವರೆ ಗಂಟೆ ಆಯ್ತು. ನನಗೆ ಅಲ್ಲಿ ಇರಕ್ಕೆ ಧೈರ್ಯ ಇಲ್ಲ."

ಒಳಗಿನಿಂದ ಅತ್ತೆಯ ದನಿ ಬಾಗಿಲು ದಾಟಿ ಬರುತ್ತಿತ್ತು. ಅಷ್ಟು ಎತ್ತರದ ದನಿಯನ್ನು ಸೊಸೆ ಈ ನಾಲ್ಕು ವರ್ಷದಲ್ಲಿ ಕೇಳಿರಲಿಲ್ಲ.

"ಸೋಲ್ತೀನಿ ಅಂತ ಗೊತ್ತಾಯ್ತು ನಿನಗೆ, ಎಲ್ಲಾ ಕಾಯಿನೂ ಮೊದಲಿನ ಹಾಗೆ ಜೋಡಿಸಿಟ್ಬಿಟ್ಟೆ. ಚಿಕ್ಕವಳಿದ್ದಾಗಿಂದ ನಿನ್ನ ಬುದ್ಧಿ ಇಷ್ಟೇ."

"ನಾನ್ಯಾಕೆ ಜೋಡಿಸ್ಲಿ, ನಾಳೆ ನಾಡಿದ್ದರಲ್ಲಿ ನಾನೇ ಗೆಲ್ತಿದ್ದೆ" ಎಂದು ಫೋನಿನಿಂದ ಚಿಕ್ಕತ್ತೆ. ಸ್ಪೀಕರ್ ಹಾಕಿಕೊಂಡಿದ್ದರು. "ಜೋಡಿಸಿದವಳು ನೀನು. ಅದಕ್ಕೇ ಫೋನ್ ಮಾಡಿದ್ದು ನಾನು."

"ಮಾಡಿದ್ದು ನಾನು. ಹನ್ನೊಂದು ಸಲ ಎಂಗೇಜ್ ಬಂತು."

"ನಾನು ನಿನಗೆ ಮಾಡ್ತಾ ಇದ್ದೆ, ಎಂಗೇಜ್ ಬರದೆ ಇನ್ನೇನು. ಮೂವತ್ತೊಂದು ವರ್ಷ ಏನು ಕೆಲಸ ಮಾಡಿದೆಯೇ ಅಕ್ಕ ನೀನು?"

ಸೊಸೆ ಗೋಡೆಗೆ ಅಂಟಿಕೊಂಡು ಒಳಗೆ ನುಸುಳಿ ಕೋಣೆ ಸೇರಿದಳು. ಮೊದಲು ಆಟ ಸರಿ ಮಾಡಬೇಕು. ಆಮೇಲೆ ಬೋರ್ಡು ತೋರಿಸಿ, ಇಬ್ಬರದ್ದೂ ತಪ್ಪಿಲ್ಲ, ತಪ್ಪು ನನ್ನದು ಎಂದು ಒಪ್ಪಿಕೊಂಡು ಕಾಲು ಹಿಡಿಯಬೇಕು. ಲ್ಯಾಪ್‌ಟಾಪ್ ತೆರೆದು, ಮೊದಲು ಅದರಲ್ಲೇ ಇದ್ದ ಪ್ರೋಗ್ರಾಮಿನ ಪ್ರತಿಗೆ ಫೈಲನ್ನು ಉಣಿಸಿದಳು. ಕಾಯಿಗಳು ಪಟಪಟನೆ ಓಡಾಡಿ, ಒಂದೊಂದಾಗಿ ಸತ್ತು, ಕೊನೆಗೆ ನಾಲ್ಕು ಉಳಿದವು. ಅತ್ತೆಯ ರಾಜ, ಅತ್ತೆಯ ಆನೆ. ಚಿಕ್ಕತ್ತೆಯ ರಾಜ, ಚಿಕ್ಕತ್ತೆಯ ಒಂದು ಪದಾತಿ.

ಅಲ್ಲಿಗೆ ಬಂದ ಮೇಲೆ ಕಾಯಿಗಳು ಸಾಯುವುದು ನಿಂತಿತ್ತು. ಲಾಗಿನ ಸಾಲುಗಳನ್ನು ಕಣ್ಣಿಟ್ಟು ಓದಿದಳು. ಚಿಕ್ಕತ್ತೆಯ ಪದಾತಿ ಕೊನೆಯ ಸಾಲಿಗೆ ಒಂದೇ ಮನೆ ಹಿಂದೆ ನಿಂತಿತ್ತು. ಇನ್ನೊಂದು ಹೆಜ್ಜೆ ಇಟ್ಟರೆ ಅದು ಮಂತ್ರಿಯಾಗಿ ಆಟವನ್ನೇ ತಿರುಗಿಸಬಹುದು. ಇಟ್ಟಿರಲಿಲ್ಲ. ಅತ್ತೆಯ ಆನೆ ಅದೇ ಸಾಲಿನಲ್ಲಿ, ಎದುರಿಗೆ, ನಡುವೆ ಏನೂ ಅಡ್ಡವಿಲ್ಲದೆ ಇತ್ತು. ಕೈ ಚಾಚಿದರೆ ಪದಾತಿಯನ್ನು ಹೊಡೆಯಬಹುದು. ಹೊಡೆದಿರಲಿಲ್ಲ. ಆನೆ ಒಂದು ದಿನ ಎಡಕ್ಕೆ ಒಂದು ಮನೆ, ಮರುದಿನ ಬಲಕ್ಕೆ ಒಂದು ಮನೆ. ಆ ಕಡೆ ಚಿಕ್ಕತ್ತೆಯ ರಾಜ ಒಂದು ದಿನ ಹಿಂದಕ್ಕೆ, ಮರುದಿನ ಮುಂದಕ್ಕೆ. ಅವಳು ಬೆರಳು ಮಡಿಸಿ ಎಣಿಸತೊಡಗಿ, ಬೆರಳು ಸಾಲದೆ, ಕಂಪ್ಯೂಟರಿಗೇ ಎಣಿಸಲು ಹೇಳಿದಳು. ನೂರ ಹದಿನೆಂಟು ದಿನ ಇಬ್ಬರೂ ಅದನ್ನೇ ಮಾಡಿದ್ದರು.

ಲಾಗಿನಲ್ಲಿ ಇನ್ನೂ ಇತ್ತು. ಬೋರ್ಡು ತೆರೆದ ಹೊತ್ತನ್ನೂ ಡಬ್ಬಿ ಗೊಣಗಿತ್ತು. ದಿನಕ್ಕೆ ಒಂದು ನಡೆಗೆ ಒಂದು ಸಲ ತೆರೆದರೆ ಸಾಕು. ಚಿಕ್ಕತ್ತೆ ನಿನ್ನೆ ಇಪ್ಪತ್ತಾರು ಸಲ ತೆರೆದಿದ್ದರು. ಅತ್ತೆ ಮೂವತ್ತೊಂದು ಸಲ.

ಸೊಸೆ ಕುರ್ಚಿಗೆ ಒರಗಿ ಕೂತಳು. ಅವಳಿಗೆ ನಗು ಬಂತು. ಹಜಾರದಲ್ಲಿ ಇಬ್ಬರು ಮುದುಕಿಯರು ತಾನು ಗೆಲ್ಲುತ್ತಿದ್ದೆ, ತಾನು ಗೆಲ್ಲುತ್ತಿದ್ದೆ ಎಂದು ಗಂಟಲು ಹರಿದುಕೊಳ್ಳುತ್ತಿದ್ದರು.

"ಏ, ಬಂದ್ಯಾ? ಬಾ ಇಲ್ಲಿ" ಎಂದು ಅತ್ತೆ ಕರೆದರು. ಹೋದಳು. ಅತ್ತೆಯ ಕೆನ್ನೆ ಕೆಂಪಾಗಿತ್ತು, ಕೂದಲು ಬಿಚ್ಚಿಹೋಗಿತ್ತು, ಹತ್ತು ವರ್ಷ ಚಿಕ್ಕವರಾದ ಹಾಗೆ ಕಾಣುತ್ತಿದ್ದರು. "ಆ ಹಳೇ ಆಟ ವಾಪಸ್ ತರಕ್ಕಾಗುತ್ತಾ? ಯಾವ ಕಾಯಿ ಎಲ್ಲಿತ್ತು ಅಂತ ಇವಳಿಗೆ ತೋರಿಸ್ಬೇಕು."

"ಹೂಂ, ತೋರಿಸಮ್ಮ ತೋರಿಸು" ಎಂದರು ಚಿಕ್ಕತ್ತೆ. "ಯಾರು ಗೆಲ್ತಿದ್ರು ಅಂತ ಇವತ್ತು ಗೊತ್ತಾಗಿ ಹೋಗ್ಲಿ."

ಫೋನಿನಲ್ಲಿ ಉಸಿರು ಮಾತ್ರ ಕೇಳುತ್ತಿತ್ತು. ಅತ್ತೆ ಸೊಸೆಯ ಮುಖವನ್ನು ನೋಡುತ್ತಿದ್ದರು. ತಪ್ಪು ಮಾಡಿ ಸಿಕ್ಕಿಬಿದ್ದವರು ನೋಡುವ ಹಾಗಿತ್ತು ಆ ನೋಟ. ಬೋರ್ಡು ತೋರಿಸಿದರೆ ಈ ಜಗಳ ಐದು ನಿಮಿಷದಲ್ಲಿ ಮುಗಿಯುತ್ತದೆ, ಫೋನ್ ಇಡುತ್ತಾರೆ, ಇಬ್ಬರಿಗೂ ನಾಚಿಕೆಯಾಗಿ ಮತ್ತೆ ಮ್ಯೂಸಿಯಮ್ಮಿನ ಗೊಂಬೆಗಳ ಹಾಗೆ ಕೂರುತ್ತಾರೆ. ಜನ್ಮದಲ್ಲಿ ಒಮ್ಮೆಯಾದರೂ ಬಾಯಿ ಮುಚ್ಚಿಕೊಂಡಿರಬೇಕು ಅನ್ನಿಸಿತು ಅವಳಿಗೆ.

"ಇಲ್ಲ ಅತ್ತೆ. ಆಫೀಸಲ್ಲಿ ಯಾರೋ ಡಬ್ಬಿ ತೆಗೆದುಬಿಟ್ರು. ಹೋಯ್ತು ಅಂದ್ರೆ ಹೋಯ್ತು. ಯಾವ ಕಾಯಿ ಎಲ್ಲಿತ್ತು ಅಂತ ದೇವರಿಗೂ ಗೊತ್ತಾಗಲ್ಲ."

ಅತ್ತೆ ಉಸಿರು ಬಿಟ್ಟರು. ಆ ಕಡೆಯಿಂದಲೂ ಒಂದು ಉಸಿರು ಬಿಟ್ಟ ಸದ್ದು ಕೇಳಿಸಿತು.

"ಹಾಗಾದ್ರೆ ನಾನೇ ಗೆಲ್ತಿದ್ದೆ" ಎಂದರು ಚಿಕ್ಕತ್ತೆ.

"ಯಾವ ಬಾಯಲ್ಲಿ ಹೇಳ್ತೀಯೇ ಅದನ್ನ? ನನ್ನ ಆನೆ ಎಲ್ಲಿತ್ತು ಹೇಳು ನೋಡೋಣ."

ಸೊಸೆ ಕೋಣೆಗೆ ಹೋಗಿ ಫೈಲನ್ನು ಅಳಿಸಿದಳು. ಮರಳಿ ಬಂದು ನೋಡಿದರೆ ಅತ್ತೆಯ ಫೋನಿನಲ್ಲಿ ಬ್ಯಾಟರಿ ಶೇಕಡಾ ಆರಕ್ಕೆ ಇಳಿದಿತ್ತು. ಚಾರ್ಜರ್ ತಂದು, ಸೋಫಾದ ಹಿಂದೆ ಬಗ್ಗಿ, ಫೋನಿಗೆ ಸಿಕ್ಕಿಸಿದಳು.